ಸಿದ್ದಿ ಜನರೇ ಕೂತು ತಿದ್ದಿದ ಪ್ರದರ್ಶನ ಮಡಿಕೇರಿಗೆ ಬಂದಿದೆ, ಹೋಗಿ ನೋಡಿ

ಮಡಿಕೇರಿಯಲ್ಲಿ ಈಗ ಸಿದ್ದಿ ಸಮುದಾಯದ ಇತಿಹಾಸದ ಬಗ್ಗೆ ಒಂದು ಸಂಚಾರಿ ಪ್ರದರ್ಶನ ನಡೆಯುತ್ತಿದೆ. ಪ್ರವೇಶ ಉಚಿತ. ಮುಕ್ಕಾಲು ಗಂಟೆಯಲ್ಲಿ ನೋಡಿ ಮುಗಿಸಬಹುದು ಅಂತ ಬಾಗಿಲಲ್ಲಿ ಹೇಳುತ್ತಾರೆ, ನಂಬಬೇಡಿ. ಓದುವ ಅಭ್ಯಾಸ ಇದ್ದವರಿಗೆ ಎರಡು ಗಂಟೆಯಾದರೂ ಬೇಕು. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಆ ಅರ್ಧ ಯಾಕೆ ಹಿಡಿದಿಟ್ಟೆ ಅಂತ ಕೆಳಗೆ ಬರೆದಿದ್ದೇನೆ.

ಸಿದ್ದಿಗಳು ಅಂದರೆ ನಮ್ಮ ಕಡೆ ಜಾಸ್ತಿ ಜನರಿಗೆ ಗೊತ್ತಿರುವುದು ಒಂದೇ ಮಾತು: ಆಫ್ರಿಕಾದಿಂದ ಬಂದವರು, ಯಲ್ಲಾಪುರದ ಕಾಡಿನಲ್ಲಿದ್ದಾರೆ, ಚೆನ್ನಾಗಿ ಕುಣಿಯುತ್ತಾರೆ. ಅಷ್ಟೇ. ದಸರಾ ಸ್ತಬ್ಧಚಿತ್ರದ ಹಿಂದೆ ಡಮಾಮಿ ಬಾರಿಸಿಕೊಂಡು ಹೋಗುವವರನ್ನು ನೋಡಿ ಫೋಟೋ ತೆಗೆದುಕೊಂಡಿರುತ್ತೇವೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ, ಆ ಕಡೆ ಧಾರವಾಡದ ಕಲಘಟಗಿ, ಬೆಳಗಾವಿಯ ಖಾನಾಪುರ, ಇಷ್ಟು ಕಡೆ ಹರಡಿಕೊಂಡಿರುವ ಜನ ಇವರು. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಒಂದೇ ಜನ, ಒಬ್ಬರ ಮನೆಯ ಹೆಣ್ಣು ಇನ್ನೊಬ್ಬರ ಮನೆಗೆ ಹೋಗುತ್ತಾಳೆ, ಆದರೆ ಅಲ್ಲಿಯವರೆಗೆ ಜಿಲ್ಲೆಯ ಗಡಿ ದಾಟಿದರೆ ಜಾತಿ ಸರ್ಟಿಫಿಕೇಟ್ ಬೇರೆಯಾಗಿತ್ತು. ಈ ಹದಿನೇಳು ವರ್ಷದ ಅಂತರಕ್ಕೇ ಒಂದು ಇಡೀ ಫಲಕ ಇಟ್ಟಿದ್ದಾರೆ. ಹೊರಗಿನವರು ಮಾಡಿದ್ದರೆ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು ಅನ್ನಿಸುತ್ತದೆ ನನಗೆ.

ಈ ಪ್ರದರ್ಶನದ ವಿಶೇಷ ಇರುವುದೇ ಅಲ್ಲಿ. ಇದರ ಬೆನ್ನಿಗೆ ಒಂದು ಸಲಹಾ ಗುಂಪಿದೆ. ಗುಂಪಿನಲ್ಲಿರುವವರೆಲ್ಲ ಸಿದ್ದಿ ಸಮುದಾಯದವರೇ. ಬೇರೆ ಬೇರೆ ತಾಲೂಕಿನವರು, ಮೂರೂ ಧರ್ಮದವರು, ಕೂಲಿ ಮಾಡುವವರು, ಒಬ್ಬರು ಶಾಲೆ ಮೇಷ್ಟ್ರು, ವಯಸ್ಸಾದ ಹೆಂಗಸರು, ಕಾಲೇಜು ಓದುವ ಹುಡುಗರು. ಸಾಮಾನ್ಯವಾಗಿ ನಾವು ನೋಡಿರುವ ಪ್ರದರ್ಶನಗಳಲ್ಲಿ ಸಮುದಾಯದವರನ್ನು ಕರೆಯುವುದು ಉದ್ಘಾಟನೆಯ ದಿನ, ಅದೂ ಕುಣಿಯುವುದಕ್ಕೆ. ಇಲ್ಲಿ ಅವರು ಮೊದಲ ದಿನದಿಂದ ಕೂತಿದ್ದಾರೆ. ಯಾವ ವಸ್ತು ಇಡಬೇಕು, ಯಾವುದು ಬೇಡ, ಯಾವ ಫೋಟೋ ಎಲ್ಲಿ, ಯಾವ ಕೋಣೆ ಮೊದಲು, ಫಲಕದ ಬರಹ ಹೇಗಿರಬೇಕು, ಎಲ್ಲ ಅವರ ಮುಂದೆ ಇಟ್ಟು ಒಪ್ಪಿಗೆ ಪಡೆದಿದ್ದಾರೆ. ಬೇಡ ಅಂದರೆ ಬೇಡವೇ. ಮೊದಲ ಬೋರ್ಡಿನಲ್ಲಿ ಸಂಶೋಧಕರ ಹೆಸರು, ಇವರ ಹೆಸರು ಒಂದೇ ಗಾತ್ರದ ಅಕ್ಷರದಲ್ಲಿವೆ. ಸಭೆಗೆ ಬಂದ ದಿನದ ಕೂಲಿ, ಬಸ್ ಚಾರ್ಜು ಕೊಟ್ಟಿದ್ದಾರಾ ಅಂತ ನಾನು ಕೇಳಿಯೇ ಬಿಟ್ಟೆ. ಕೊಟ್ಟಿದ್ದಾರಂತೆ. ಇದು ಸಣ್ಣ ವಿಷಯ ಅಲ್ಲ. ದಿನಗೂಲಿಯವರನ್ನು ಸುಮ್ನೆ ಕರೆದು ಕೂರಿಸಿ ನಿಮ್ಮ ಅಭಿಪ್ರಾಯ ಹೇಳಿ ಅಂದರೆ, ಆವತ್ತು ರಾತ್ರಿ ಅವರ ಮನೆಯ ಒಲೆ ಉರಿಯುವುದು ಹೇಗೆ?

ಒಳಗೆ ಹೋದ ಕೂಡಲೇ ಹಡಗು, ಸಂಕೋಲೆ ಇರುತ್ತದೆ ಅಂತ ಅಂದುಕೊಂಡು ಹೋಗಿದ್ದೆ. ಇಲ್ಲ. ಮೊದಲ ಕೋಣೆಯಲ್ಲಿ ಬರೀ ಕೌದಿಗಳು. ಗುಂಪಿನ ಹೆಂಗಸರು ಹಟ ಹಿಡಿದು ಹೀಗೆ ಮಾಡಿಸಿದ್ದಂತೆ. ನಮ್ಮನ್ನು ನೋಡಲು ಬಂದವರು ಮೊದಲು ನಮ್ಮ ಮನೆ ನೋಡಲಿ, ಆಮೇಲೆ ನಮ್ಮನ್ನು ಮಾರಿದ ಕಥೆ ಓದಲಿ ಅಂತ. ಕೌದಿಗಳನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿಲ್ಲ, ಗಾಜಿನೊಳಗೂ ಇಟ್ಟಿಲ್ಲ. ಮನೆಯಲ್ಲಿ ಹೇಗೋ ಹಾಗೆ ಬಿದಿರಿನ ಗಳದ ಮೇಲೆ ಮಡಚಿ ಹಾಕಿದ್ದಾರೆ, ಎರಡನ್ನು ಮಾತ್ರ ಬಿಡಿಸಿ ಹಾಸಿದ್ದಾರೆ. ಮುಟ್ಟಬಹುದು.

ಬಿಡಿಸಿಟ್ಟ ಒಂದರ ಪಕ್ಕ ನಾನು ಕೂತುಬಿಟ್ಟೆ. ಹಳೇ ಸೀರೆ, ಹರಿದ ಅಂಗಿ, ಸ್ಕೂಲ್ ಯೂನಿಫಾರ್ಮಿನ ನೀಲಿ ತುಂಡು, ಒಂದು ಕಡೆ ಅಂಗಿಯ ಜೇಬು ಜೇಬಾಗಿಯೇ ಉಳಿದಿದೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ದಾರ ದಪ್ಪ, ಹೊಲಿಗೆ ಒತ್ತೊತ್ತಾಗಿದೆ. ಬೆರಳಾಡಿಸಿದರೆ ಉಳುಮೆ ಮಾಡಿದ ಗದ್ದೆಯ ಸಾಲಿನ ಹಾಗೆ ಏರುತಗ್ಗು ಗೊತ್ತಾಗುತ್ತದೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಡಚಿ ಮಾಡಿದ ಸಣ್ಣ ತ್ರಿಕೋನಗಳು, ಫೂಲಾ ಅನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿಯಿತು ಅಂತ ಅವರು ಒಪ್ಪುವುದಿಲ್ಲ. ಯಾರಿಗೋಸ್ಕರ ಹೊಲಿದದ್ದು, ಯಾರ ಸೀರೆ ಯಾವ ಮೂಲೆಯಲ್ಲಿದೆ ಅಂತ ಹೊಲಿದವರೇ ಹೇಳುವುದನ್ನು ರೆಕಾರ್ಡ್ ಮಾಡಿ ಇಟ್ಟಿದ್ದಾರೆ. ಒಬ್ಬರು ತೀರಿಹೋದ ತಾಯಿಯ ಸೀರೆಯ ಬಗ್ಗೆ ಹೇಳುತ್ತಾರೆ. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಹೋಗಿ ಕೇಳಿ.

ಎರಡನೇ ಕೋಣೆ ದಖನ್ನಿನದ್ದು. ಇಲ್ಲಿ ಮಲಿಕ್ ಅಂಬರ್ ಬರುತ್ತಾನೆ. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟುತ್ತಾ ಅಹ್ಮದ್‌ನಗರಕ್ಕೆ ಬಂದವನು, ಕೊನೆಗೆ ಆ ಇಡೀ ರಾಜ್ಯವನ್ನೇ ನಡೆಸಿದ. ಆಮೇಲೆ ಔರಂಗಾಬಾದ್ ಅನ್ನಿಸಿಕೊಂಡು, ಈಗ ಛತ್ರಪತಿ ಸಂಭಾಜಿನಗರ ಆಗಿರುವ ಊರನ್ನು ಖಡ್ಕಿ ಅಂತ ಕಟ್ಟಿದವನು ಅವನು. 1626ರಲ್ಲಿ ಸಾಯುವವರೆಗೂ ಮೊಘಲರಿಗೆ ಸಿಕ್ಕಲಿಲ್ಲ. ಜಹಾಂಗೀರನಿಗೆ ಎಷ್ಟು ಸಿಟ್ಟಿತ್ತು ಅಂದರೆ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವ ಹಾಗೆ ಚಿತ್ರ ಬರೆಸಿಕೊಂಡ. ನಿಜದಲ್ಲಿ ಆ ತಲೆ ಅವನ ಕೈಗೆ ಬರಲೇ ಇಲ್ಲ. ಆ ಚಿತ್ರದ ಪ್ರತಿ ಇದೆ. ನಮ್ಮ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನ ಇಖ್ಲಾಸ್ ಖಾನ್, ಮರಾಠರಿಗೆ ಬಗ್ಗದ ಜಂಜೀರಾ ಕೋಟೆಯ ಸಿದ್ದಿಗಳು, ಎಲ್ಲ ಇದ್ದಾರೆ. ಶಾಲೆಯಲ್ಲಿ ಬಹಮನಿ, ಬಿಜಾಪುರ ಅಂತ ಓದುವಾಗ ಹಬ್ಶಿಗಳು ಅಂತ ಒಂದು ಸಾಲು ಬಂದು ಹೋಗುತ್ತಿತ್ತು. ಅವರು ಯಾರು, ಎಲ್ಲಿಂದ ಬಂದರು, ಅವರ ಕಡೆಯವರು ಇವತ್ತು ಎಲ್ಲಿದ್ದಾರೆ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಈ ಕೋಣೆಯ ಬಗ್ಗೆ ಸಲಹಾ ಗುಂಪಿನಲ್ಲೇ ಜಗಳವಾಗಿತ್ತಂತೆ, ಅದನ್ನೂ ಮುಚ್ಚಿಟ್ಟಿಲ್ಲ. ಹುಡುಗರಿಗೆ ಮಲಿಕ್ ಅಂಬರ್ ಬಾಗಿಲಲ್ಲೇ ಬೇಕಿತ್ತು. ನಮ್ಮ ಮಕ್ಕಳು ಶಾಲೆಯಲ್ಲಿ ತಲೆ ಎತ್ತಿ ಕೂರಲು ಒಬ್ಬ ದೊರೆ ಬೇಕು ಅನ್ನುವುದು ಅವರ ವಾದ. ಹಿರಿಯರು ಒಪ್ಪಲಿಲ್ಲ. ಅವನು ಕುದುರೆ ಮೇಲಿದ್ದವನು, ನಾವು ಕಾಡಿನಲ್ಲಿ ಬಚ್ಚಿಟ್ಟುಕೊಂಡವರ ಮಕ್ಕಳು, ಅವನ ಕಥೆ ದೊಡ್ಡದಾದರೆ ನಮ್ಮದು ಮರೆಯಾಗುತ್ತದೆ ಅಂದರಂತೆ. ಎರಡೂ ಮಾತನ್ನು ಅಕ್ಕಪಕ್ಕ ಫಲಕದಲ್ಲಿ ಹಾಕಿದ್ದಾರೆ. ಯಾರು ಸರಿ ಅಂತ ತೀರ್ಪು ಕೊಟ್ಟಿಲ್ಲ. ನನಗೆ ಹಿರಿಯರ ಮಾತು ಹೆಚ್ಚು ಹಿಡಿಸಿತು. ನನ್ನ ಜೊತೆ ಬಂದಿದ್ದ ಅಣ್ಣನ ಮಗಳು ಹುಡುಗರ ಕಡೆ. ಮನೆಗೆ ಬರುವವರೆಗೂ ಅದೇ ಮಾತಾಯಿತು.

ಮೂರನೇ ಕೋಣೆ ಇದೆಯಲ್ಲ, ಅದು ಕೊಡಗಿನವರು ನಿಂತು ಓದಬೇಕಾದ್ದು. ಪೋರ್ಚುಗೀಸರು ಮೊಝಾಂಬಿಕ್ ಕಡೆಯಿಂದ ಜನರನ್ನು ಹಿಡಿದು ಗೋವಾಕ್ಕೆ ತಂದು ಮಾರಿದ್ದು, ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದ್ದು, ಇದು ಮೊದಲ ಭಾಗ. ಬ್ರಿಟಿಷರ ಕೈಕೆಳಗಿದ್ದ ಕಡೆ 1843ರ ಕಾಯ್ದೆ ಬಂದು ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋಯಿತು. ಗೋವಾಕ್ಕೆ ಆ ಕಾಯ್ದೆ ಇರಲಿಲ್ಲ. ಹಾಗಾಗಿ ಘಟ್ಟದ ಈಚೆ ಬಂದರೆ ಬಚಾವು ಅಂತ ಜನ ಓಡಿ ಬಂದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಸುಖಾಂತ. ಸಲಹಾ ಗುಂಪು ನಿಲ್ಲಿಸಲು ಬಿಟ್ಟಿಲ್ಲ. ಬಂದ ಮೇಲೆ ಏನಾಯಿತು ಅನ್ನುವುದೇ ಕೋಣೆಯ ಮುಕ್ಕಾಲು ಭಾಗ. ಅಡಿಕೆ ತೋಟದ ಕೆಲಸ, ಮದುವೆಗೆ ಕಾಯಿಲೆಗೆ ಅಂತ ತೆಗೆದುಕೊಂಡ ಸಾಲ, ಅದು ತೀರದೆ ಅಪ್ಪನಿಂದ ಮಗನಿಗೆ ಇಳಿದದ್ದು. ಬೇಲಿ ಇಲ್ಲ, ಬೇಡಿ ಇಲ್ಲ, ಆದರೆ ತೋಟ ಬಿಟ್ಟು ಹೋಗುವ ಹಾಗೂ ಇಲ್ಲ. ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದಿದ್ದು 1976ರಲ್ಲಿ, ಅಂದರೆ ಈಗ ಬದುಕಿರುವ ಅಜ್ಜ ಅಜ್ಜಿಯರು ಇದನ್ನು ಕಣ್ಣಾರೆ ಕಂಡವರು.

ನಾನು ಅಲ್ಲಿದ್ದಾಗ ದಕ್ಷಿಣ ಕೊಡಗಿನ ಕಡೆಯಿಂದ ಅಲ್ಲಿನ ಆದಿವಾಸಿಗಳಾದ ಎರವರ ಒಂದು ಗುಂಪು ಬಂದಿತ್ತು, ಯಾರೋ ಜೀಪು ಮಾಡಿ ಕರೆದುಕೊಂಡು ಬಂದಿದ್ದರು. ಫಲಕ ಓದಿ ಹೇಳುತ್ತಿದ್ದದ್ದು ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ. ಸಾಲದ ವಿಷಯ ಬಂದಾಗ ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಮುಂದೆ ಬಂದು ಕೇಳಿದರು.

"ಲೆಕ್ಕ ಯಾರು ಬರೀತಿದ್ರು ಮಗಾ?"

"ಅವರೇ ಬರೀತಿದ್ರು ಅಜ್ಜಿ. ನಮ್ಮೋರಿಗೆ ಓದೋಕೆ ಬರ್ತಿರ್ಲಿಲ್ಲ."

"ನಮ್ದೂ ಅಷ್ಟೇ. ಪುಸ್ತಕ ತೋಟದ ರೈಟರ್ ಹತ್ರ. ನಮ್ಮ ಹತ್ರ ಹೆಬ್ಬೆಟ್ಟು."

ಆಮೇಲೆ ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ತುಂಬಾ ಹೊತ್ತು ಮಾತಾಡಿದರು. ಯಾರೂ ಅವರನ್ನು ಎಬ್ಬಿಸಲಿಲ್ಲ, ಉಳಿದವರು ತಾವೇ ಓದಿಕೊಂಡು ಮುಂದೆ ಹೋದರು. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲೂ ಆಳುಗಳು ಜಮೀನಿನ ಜೊತೆಗೇ ಕೈ ಬದಲಾಗುತ್ತಿದ್ದ ಕಾಲ ಇತ್ತು. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಯಿತು, 1850ರ ದಶಕದಿಂದ ಯುರೋಪಿಯನ್ನರ ಕಾಫಿ ತೋಟ ಶುರುವಾದವು. ಆ ತೋಟಗಳಿಗೆ, ನಂತರ ನಮ್ಮವರದ್ದೇ ತೋಟಗಳಿಗೆ ದುಡಿದವರಲ್ಲಿ ಎರವರು, ಪಣಿಯರು, ಕುರುಬರು ಎಲ್ಲ ಇದ್ದರು. ತೋಟದ ಆಳುಗಳಿಗೆ ಕಟ್ಟಿಸಿದ ಸಾಲುಮನೆ, ಅಂದರೆ ಲೈನ್‌ಮನೆಯಲ್ಲಿ ಹುಟ್ಟಿ ಲೈನ್‌ಮನೆಯಲ್ಲೇ ಸತ್ತವರಿಗೆ ತಮ್ಮದು ಅಂತ ಒಂದು ಸೈಟಿರಲಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಜನ ಅಷ್ಟು ದಿನ ಬಯಲಲ್ಲಿ ಕೂತದ್ದು ಇದಕ್ಕೇ ಅಲ್ವಾ?

ಫೋಟೋಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಗೋಡೆಯಲ್ಲಿ ಒಂದೇ ಫೋಟೋದ ಕೆಳಗೆ ಎರಡು ಬರಹ ಇವೆ. ಮೊದಲನೆಯದು ಸಂಶೋಧಕರು ಬರೆದದ್ದು: ಸಿದ್ದಿ ಮಹಿಳೆ, ಉತ್ತರ ಕನ್ನಡ ಜಿಲ್ಲೆ, ಕಟ್ಟಿಗೆ ಹೊತ್ತಿರುವುದು. ಎರಡನೆಯದು ಗುಂಪು ತಿದ್ದಿದ್ದು. ಅದರಲ್ಲಿ ಆಕೆಯ ಹೆಸರಿದೆ, ಊರಿದೆ, ಯಾರ ಮಗಳು ಅಂತ ಇದೆ, ಆವತ್ತು ಕಟ್ಟಿಗೆ ತಂದದ್ದು ತಂಗಿಯ ಬಾಣಂತನಕ್ಕೆ ಅಂತ ಇದೆ. ಮೊದಲನೆಯದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಎರಡನೆಯದನ್ನು ಓದಿ ಮತ್ತೆ ಫೋಟೋ ನೋಡಿದರೆ ಆಕೆ ನಿಮ್ಮ ಊರಿನವಳೇ ಅನ್ನಿಸುತ್ತದೆ. ಹೆಸರು ಪತ್ತೆಯಾಗದ ಹಳೇ ಫೋಟೋಗಳನ್ನು ಗುಂಪು ಗೋಡೆಗೆ ಹಾಕಲು ಬಿಟ್ಟಿಲ್ಲ. ಅವನ್ನೆಲ್ಲ ಒಂದು ಆಲ್ಬಮಿನಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದಾರೆ, ಗುರುತು ಸಿಕ್ಕವರು ಬರೆಯಲಿ ಅಂತ ಪೆನ್ನೂ ಇದೆ. ಹಿಂದಿನ ಊರಿನಲ್ಲಿ ಯಾರೋ ಬರೆದಿದ್ದಾರೆ ಕೂಡ.

ಓಟದ ಕಥೆಯೂ ಇಲ್ಲಿದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕಾದ ಮೂಲ ಇದೆ, ಒಲಿಂಪಿಕ್ ಪದಕ ಬರುತ್ತದೆ ಅನ್ನುವ ಲೆಕ್ಕ. ಮಕ್ಕಳು ಗೆದ್ದದ್ದು ನಿಜ, ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದೂ ನಿಜ. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು, ಬಹಳಷ್ಟು ಜನ ವಾಪಸ್ ಊರಿಗೆ ಬಂದು ಕೂಲಿಗೆ ಇಳಿದರು. ಪದಕಗಳನ್ನು ಇಟ್ಟ ಜಾಗದಲ್ಲೇ, ಆ ಪದಕ ಗೆದ್ದವರು ಈಗ ಏನು ಮಾಡುತ್ತಿದ್ದಾರೆ ಅಂತ ಅವರ ಮಾತಲ್ಲೇ ಬರೆಸಿದ್ದಾರೆ. ನನಗೆ ಇಡೀ ಪ್ರದರ್ಶನದಲ್ಲಿ ತುಂಬಾ ಕಷ್ಟವಾದದ್ದು ಇದನ್ನು ಓದುವಾಗ. ಮನುಷ್ಯರನ್ನು ಮೈಕಟ್ಟು ನೋಡಿ ಆರಿಸುವುದು ನೂರಾರು ವರ್ಷ ಹಿಂದಿನ ಮಾತಲ್ಲ ಅಂತ ಗೊತ್ತಾಗುತ್ತದೆ.

ಸಮುದಾಯದವರನ್ನು ಕೇಳಿ ಮಾಡುವುದು ಹೊಸ ಫ್ಯಾಷನ್ ಅಂತ ಯಾರಾದರೂ ಅಂದುಕೊಂಡರೆ, ಅಮೆರಿಕದ ಎರಡು ಉದಾಹರಣೆ ಹೇಳುತ್ತೇನೆ. 1969ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕಪ್ಪು ಜನರ ಬಡಾವಣೆ ಹಾರ್ಲೆಮ್ ಬಗ್ಗೆ ದೊಡ್ಡ ಪ್ರದರ್ಶನ ಮಾಡಿತು. ಫೋಟೋಗಳು ಬೇಕಾದಷ್ಟಿದ್ದವು, ಆದರೆ ಹಾರ್ಲೆಮ್‌ನ ಚಿತ್ರಕಲಾವಿದರ ಒಂದು ಚಿತ್ರವೂ ಇರಲಿಲ್ಲ. ಅಲ್ಲಿನ ಜನರನ್ನು ಸಲಹೆಗೆ ಅಂತ ಕರೆದು, ಅವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನುವ ಸಿಟ್ಟು ಬೇರೆ. ಕಲಾವಿದರು ಮ್ಯೂಸಿಯಂ ಮುಂದೆ ಬೋರ್ಡು ಹಿಡಿದು ನಿಂತರು. ಅದೇ ವರ್ಷ ವಾಷಿಂಗ್ಟನ್ನಿನ ಅನಕೋಸ್ಟಿಯಾದಲ್ಲಿ ಇನ್ನೊಂದು ಪ್ರದರ್ಶನ ಆಯಿತು, ಇಲಿಗಳ ಬಗ್ಗೆ. ಹೌದು, ಇಲಿ. 1967ರಲ್ಲಿ ಒಂದು ಹಳೇ ಸಿನಿಮಾ ಥಿಯೇಟರಿನಲ್ಲಿ ಶುರುವಾದ ಸಣ್ಣ ಮ್ಯೂಸಿಯಂ ಅದು, ಕಪ್ಪು ಜನ ಹೆಚ್ಚಿದ್ದ ಬಡಾವಣೆ. ಇಲ್ಲಿನವರಿಗೆ ದಿನಾ ಕಾಡುತ್ತಿರುವುದು ಇಲಿ ಕಾಟ, ಅದನ್ನೇ ತೋರಿಸೋಣ ಅಂತ ಹೊರಟರು. ಜನ ಬಂದರು, ಯಾಕೆಂದರೆ ಅದು ಅವರ ಮನೆಯ ಮಾತು. ಯಾರನ್ನು ಕೇಳಬೇಕೋ ಅವರನ್ನು ಕೇಳಿದರೆ ವಿಷಯವೇ ಬೇರೆ ಸಿಗುತ್ತದೆ. ಮಡಿಕೇರಿಯ ಈ ಪ್ರದರ್ಶನದಲ್ಲೂ ಕೌದಿ, ಸರ್ಟಿಫಿಕೇಟ್, ಸಾಲದ ಪುಸ್ತಕ ಮುಂದೆ ಬಂದದ್ದು ಹಾಗೆ.

ಈಗ ಕೊರತೆಗಳು. ಹಾಡುಗಳ ರೆಕಾರ್ಡಿಂಗ್ ಚೆನ್ನಾಗಿದೆ, ಆದರೆ ಕೊಂಕಣಿ ಬೆರೆತ ಅವರ ಮಾತು ನಮಗೆ ಪೂರ್ತಿ ಅರ್ಥವಾಗುವುದಿಲ್ಲ, ಕನ್ನಡದಲ್ಲಿ ಸಾರಾಂಶ ಕೊಡಬಹುದಿತ್ತು. ಫಲಕದ ಅಕ್ಷರ ಸಣ್ಣದು, ಮಳೆ ಮೋಡ ಕವಿದ ದಿನ ಆ ಹಾಲ್‌ನಲ್ಲಿ ಬೆಳಕು ಸಾಲುವುದಿಲ್ಲ. ವಯಸ್ಸಾದವರಿಗೆ ಮೆಟ್ಟಿಲು ಹತ್ತುವುದು ಕಷ್ಟ, ಬೇರೆ ದಾರಿ ಇಲ್ಲ. ಡಮಾಮಿಯನ್ನು ಬಾರಿಸಿ ತೋರಿಸುವವರು ಎಲ್ಲ ದಿನ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗುವುದು ಒಳ್ಳೆಯದು.

ಇವೆಲ್ಲ ಸರಿಯಾಗುವಂಥವು. ನಾನು ಅರ್ಧ ಸ್ಟಾರ್ ಹಿಡಿದಿಟ್ಟದ್ದು ಕೊನೆಯ ಫಲಕಕ್ಕೆ. ಪ್ರದರ್ಶನ ಹೋದ ಊರಿನಲ್ಲೆಲ್ಲ ಅಲ್ಲಿನ ದುಡಿಯುವ ಜನರ ಬಗ್ಗೆ ಒಂದು ಫಲಕ ಸೇರಿಸುತ್ತಾರಂತೆ, ಒಳ್ಳೆಯ ಯೋಚನೆ. ಇಲ್ಲಿ ಕೊಡಗಿನ ಆದಿವಾಸಿಗಳು ಅಂತ ಒಂದು ಹಾಕಿದ್ದಾರೆ. ಎರವರು, ಜೇನುಕುರುಬರು, ಬೆಟ್ಟಕುರುಬರು, ಕುಡಿಯರು ಎಲ್ಲರಿಗೂ ಸೇರಿ ಒಂದೇ ಪ್ಯಾರಾ. ಬೇಟೆ, ಜೇನು, ಕುಣಿತ, ಪ್ರಕೃತಿಯ ಮಕ್ಕಳು. ಫೋಟೋದಲ್ಲಿ ಇರುವವರ ಹೆಸರಿಲ್ಲ. ಇಡೀ ಪ್ರದರ್ಶನದಲ್ಲಿ ಸಿದ್ದಿಗಳು ಯಾವುದನ್ನು ಬೇಡ ಅಂದು ತೆಗೆಸಿದ್ದಾರೋ ಅದೇ ಇಲ್ಲಿ ಬಂದು ಕೂತಿದೆ. ಇಲ್ಲಿನ ಯಾರನ್ನೂ ಕೇಳಿಲ್ಲ ಅಂತ ನೋಡಿದರೇ ಗೊತ್ತಾಗುತ್ತದೆ. ನಾನು ಅಲ್ಲಿದ್ದ ಸಂಯೋಜಕರಿಗೆ ನೇರವಾಗಿ ಹೇಳಿದೆ. ಅವರು ವಾದ ಮಾಡಲಿಲ್ಲ, ಸಮಯ ಸಾಕಾಗಲಿಲ್ಲ ಅಂದರು. ಆ ಅಜ್ಜಿ ಬೆಂಚಿನ ಮೇಲೆ ಹೇಳಿದ್ದನ್ನು ಅವರ ಒಪ್ಪಿಗೆ ತೆಗೆದುಕೊಂಡು ಬರೆದುಕೊಂಡಿದ್ದರೆ ಸಾಕಿತ್ತು, ಫಲಕದ ತುಂಬ ಆಗುತ್ತಿತ್ತು. ಪ್ರದರ್ಶನ ಇನ್ನೂ ಕೆಲವು ವಾರ ಇರುವುದರಿಂದ ಬದಲಾಯಿಸಲು ಈಗಲೂ ಸಮಯವಿದೆ. ಪೊನ್ನಂಪೇಟೆ, ತಿತಿಮತಿ ಕಡೆ ಹೋಗಿ ಎರಡು ದಿನ ಕೂತರೆ ಆಗುವ ಕೆಲಸ. ನೀವೂ ಹೋದಾಗ ಅಭಿಪ್ರಾಯದ ಪುಸ್ತಕದಲ್ಲಿ ಇದನ್ನು ಬರೆಯಿರಿ. ನಾಲ್ಕು ಜನ ಬರೆದರೆ ಮಾಡುತ್ತಾರೆ.

ಇನ್ನೊಂದು, ಸಮಯದ ವಿಷಯ. ಬೆಳಗ್ಗೆ ಹತ್ತಕ್ಕೆ ತೆಗೆದು ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ, ಭಾನುವಾರ ರಜೆ. ಕಾಫಿ ಕೊಯ್ಲು ಶುರುವಾಗಿದೆ. ತೋಟದಲ್ಲಿ ಕೆಲಸ ಮಾಡುವವರು ಐದರೊಳಗೆ ಬರುವುದು ಸಾಧ್ಯವೇ ಇಲ್ಲ, ಅವರಿಗೆ ಬಿಡುವಿರುವುದು ಭಾನುವಾರ. ಭಾನುವಾರ ತೆಗೆದು ಸೋಮವಾರ ರಜೆ ಕೊಡಿ ಅಂತ ಕೇಳಿದ್ದೇವೆ, ನೋಡೋಣ ಅಂದಿದ್ದಾರೆ. ಅದು ಬದಲಾಗುವವರೆಗೆ, ತೋಟ ಇರುವವರು ಒಂದು ಅರ್ಧ ದಿನ ಕೂಲಿ ಕಡಿಯದೆ ನಿಮ್ಮ ಲೈನ್‌ಮನೆಯವರನ್ನು ಜೀಪಿನಲ್ಲಿ ಕಳಿಸಿಕೊಡಿ. ಶುಕ್ರವಾರ ಬೇಡ, ಸಂತೆ ಗದ್ದಲದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಶನಿವಾರ ರಾಜಾಸೀಟ್ ಕಡೆ ಟೂರಿಸ್ಟ್ ಗಾಡಿಗಳ ಸಾಲು. ಮಂಗಳವಾರ, ಬುಧವಾರ ಬೆಳಗ್ಗೆ ಒಳ್ಳೆಯದು, ಆರಾಮಾಗಿ ಕೂತು ಕೇಳಬಹುದು.